ಒಪ್ಪಂದಪತ್ರಗಳನ್ನು ಓದಿದ ಕುಲಪತಿ

(ವಿಜಯಪುರ ನಗರದಲ್ಲಿ ಪದವಿ ಹಾಗೂ ಮದ್ರಸ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನ ಆಸಾರ್ ಮಹಲನ್ನು ನೀವೆಲ್ಲರೂ ಕಂಡಿದ್ದೀರಿ. ಆದಿಲ್‌ಶಾಹಿ ಗ್ರಂಥಭಂಡಾರದಲ್ಲಿ ಅಳಿದುಳಿದ ಹಸ್ತಪ್ರತಿಗಳು ಅಲ್ಲಿದ್ದವು. 1853ರಲ್ಲಿ ಅವು ಲಂಡನ್ನಿಗೆ ಸಾಗಿದವು. ಕಳೆದ ಶತಮಾನದಲ್ಲಿ ಕನ್ನಡ ನಾಡಿನ ಒಬ್ಬ ಮುಸ್ಲಿಂ ವಿದ್ವಾಂಸರೂ ಸಂಶೋಧನೆಗಾಗಿ ಅದೇ ಲಂಡನ್ನಿಗೆ ಹೋದರು. ಅವರ ವಿಷಯ ವಿಜಯಪುರವಲ್ಲ. ಮೈಸೂರಿನ ಹೈದರಲಿಗೂ ಇಂಗ್ಲಿಷರಿಗೂ ಇದ್ದ ಸಂಬಂಧ. ಅವರೇ ಪ್ರೊ. ಬಿ. ಶೇಖ್ ಅಲಿ. ಅಲಿಗಢದಲ್ಲಿಯೂ ಲಂಡನ್ನಿನಲ್ಲಿಯೂ ಡಾಕ್ಟರೇಟ್ ಪಡೆದು, ಮೈಸೂರಿನಲ್ಲಿ ಬೋಧಿಸಿ, ಎರಡು ವಿಶ್ವವಿದ್ಯಾಲಯಗಳಿಗೆ ಪ್ರಥಮ ಕುಲಪತಿಯಾದವರು. 2022ರಲ್ಲಿ ನಿಧನರಾದರು.

ಅವರನ್ನು ನಾವು ಇತಿಹಾಸಕಾರರೆಂದೇ ಕರೆಯುತ್ತೇವೆ. ಆದರೆ ಅವರು ಬಿಡದೆ ಹಿಂಬಾಲಿಸಿದ ಪ್ರಶ್ನೆ ಇಂದಿನ ವಿದೇಶಾಂಗ ನೀತಿಯ ಪ್ರಶ್ನೆಯೇ: ಒಂದು ರಾಜ್ಯವು ಇನ್ನೊಂದು ರಾಜ್ಯದೊಡನೆ ಏಕೆ ಒಪ್ಪಂದ ಮಾಡಿಕೊಳ್ಳುತ್ತದೆ, ಏಕೆ ಮುರಿಯುತ್ತದೆ? 1769ರಲ್ಲಿ ಹೈದರಲಿ ಮದ್ರಾಸಿನ ಬಾಗಿಲಿಗೆ ಸೈನ್ಯ ತಂದು ನಿಲ್ಲಿಸಿದಾಗ ಇಂಗ್ಲಿಷರು ಒಪ್ಪಂದಕ್ಕೆ ಬಂದರು. ಪರಸ್ಪರ ರಕ್ಷಣೆಗೆ ನೆರವಾಗಬೇಕೆಂಬ ಷರತ್ತು ಅದರಲ್ಲಿತ್ತು. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಿದ್ದರು. ನೆರವು ಬರಲಿಲ್ಲ. ಹೈದರಲಿ ಆ ವಚನಭಂಗವನ್ನು ಮರೆಯಲಿಲ್ಲ. 1780ರ ಯುದ್ಧದ ಬೇರುಗಳಲ್ಲಿ ಅದೂ ಒಂದು. ಶೇಖ್ ಅಲಿಯವರ ಹೈದರಲಿ ಕುರಿತ ಇಂಗ್ಲಿಷ್ ಗ್ರಂಥವು 1763ರಲ್ಲಲ್ಲ, ಅದಕ್ಕೆ ಸರಿಯಾಗಿ ಇನ್ನೂರು ವರ್ಷಗಳ ನಂತರ 1963ರಲ್ಲಿ ಪ್ರಕಟವಾಯಿತು. ಇನ್ನೂರು ವರ್ಷ ಕಳೆದರೂ ಓದಬೇಕಾದ ಕಾಗದಗಳು ಉಳಿದಿದ್ದವು ಎಂಬುದನ್ನು ಗಮನಿಸಿರಿ.

ಬಳಿಕ ಅವರು ಟಿಪ್ಪುವಿನ ರಾಜತಂತ್ರವನ್ನು ಕುರಿತು ಬರೆದ ಗ್ರಂಥ 1982ರಲ್ಲಿ ಹೊರಬಂತು. 1784ರ ಮಂಗಳೂರು ಒಪ್ಪಂದ, 1786ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟ ನಿಯೋಗ, 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡ ಮೂವರು ರಾಯಭಾರಿಗಳು: ಇವು ಖಡ್ಗದ ಕಥೆಗಳಲ್ಲ, ಪತ್ರಗಳ ಕಥೆಗಳು. ನೂರಾರು ಜನರೊಡನೆ ಹೊರಟ ತುರ್ಕಿಯ ನಿಯೋಗದಲ್ಲಿ ಮರಳಿದವರು ಕೆಲವರೇ; ಬಯಸಿದ ಸೇನಾ ನೆರವೂ ದೊರೆಯಲಿಲ್ಲ. ಧರ್ಮವೊಂದೇ ಆದ ಮಾತ್ರಕ್ಕೆ ರಾಜ್ಯಗಳ ಹಿತ ಒಂದಾಗುವುದಿಲ್ಲವೆಂಬ ಕಹಿ ಸತ್ಯ ಅಲ್ಲಿದೆ. ನಮ್ಮ ಭಾಷಣಕಾರರು ಈ ಪುಟವನ್ನು ಸಾಮಾನ್ಯವಾಗಿ ತಿರುಗಿಸಿಬಿಡುತ್ತಾರೆ.

1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಮಂಗಳೂರು ಒಪ್ಪಂದವನ್ನು ಬಲ್ಲವರೇ ಅದರ ಪ್ರಥಮ ಕುಲಪತಿಯಾದರು. ಕೊಣಾಜೆಯಲ್ಲಿ ಅದುವರೆಗೆ ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 1985ರಲ್ಲಿ ಗೋವಾ ವಿಶ್ವವಿದ್ಯಾಲಯವನ್ನೂ ಮೊದಲಿನಿಂದ ಕಟ್ಟುವ ಹೊಣೆ ಅವರ ಹೆಗಲೇರಿತು. ಹೊಸ ವಿಶ್ವವಿದ್ಯಾಲಯವೆಂದರೇನು ಎಂಬುದು ನಿಮಗೆ ಗೊತ್ತು; ತಿಕೋಟಾದ ಕಡೆಯಿಂದ ಬರುವವರು 2003ರಲ್ಲಿ ಆರಂಭವಾಗಿ ಈಗ ತೊರವಿಯಲ್ಲಿರುವ ಮಹಿಳಾ ವಿಶ್ವವಿದ್ಯಾಲಯವನ್ನು ದಿನವೂ ನೋಡುತ್ತೀರಿ.

ಟಿಪ್ಪುವಿನ ವಿಷಯದಲ್ಲಿ ಶೇಖ್ ಅಲಿಯವರ ಲೇಖನಿ ಮೆಚ್ಚುಗೆಯ ಕಡೆಗೆ ವಾಲುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರು ಕಾಗದಗಳನ್ನು ಓದಿದ ಮೇಲೆ ಮೆಚ್ಚಿದರು. 2015ರಿಂದ ಟಿಪ್ಪು ಜಯಂತಿಯ ಹೆಸರಿನಲ್ಲಿ ನಡೆದ ಗದ್ದಲದಲ್ಲಿ ಪರವಾಗಿ ಕೂಗಿದವರಲ್ಲಿ, ವಿರೋಧಿಸಿ ಕೂಗಿದವರಲ್ಲಿ, ಒಂದು ಪತ್ರವನ್ನಾದರೂ ಓದಿದವರು ಎಷ್ಟು ಮಂದಿ? ಆ ದಾಖಲೆಗಳಲ್ಲಿ ಬಹಳಷ್ಟು ಫಾರಸಿಯಲ್ಲಿವೆ. ತುರ್ಕಿಗೆ ಹೋದ ನಿಯೋಗದ ದಿನಚರಿಯೂ ಫಾರಸಿಯದೇ. ಮದ್ರಸದಲ್ಲಿ ಗುಲಿಸ್ತಾನ್ ಓದಿದ ನಾವು ಅಷ್ಟಕ್ಕೇ ಆ ಭಾಷೆಯನ್ನು ಕಪಾಟಿಗೆ ಸೇರಿಸುತ್ತೇವೆ. ಕಾಲೇಜಿನಲ್ಲಿ ಇತಿಹಾಸ ಓದುವವರಿಗೆ ಅದರ ಅಕ್ಷರವೂ ತಿಳಿಯದು. ಇಬ್ಬರೂ ಒಂದೇ ಓಣಿಯಲ್ಲಿದ್ದೇವೆ. ನಾನು ಮದ್ರಸ ಮುಗಿಸಿ ಬಿ.ಎ.ಗೆ ಸೇರಲು ಹೋದಾಗ ಒಂದು ಕಾಲೇಜಿನ ಗುಮಾಸ್ತರು ನನ್ನ ಪ್ರಮಾಣಪತ್ರವನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು. ಇನ್ನೊಂದು ಕಡೆ ಪರೀಕ್ಷೆ ಬರೆದು ಸೇರಲು ಎರಡು ವರ್ಷ ಹಿಡಿಯಿತು. ತಪ್ಪು ಕಾಲೇಜಿನದು ಮಾತ್ರವಲ್ಲ. ಮದ್ರಸದಲ್ಲಿದ್ದಾಗಲೇ ಹತ್ತನೆಯ ತರಗತಿಯ ಪರೀಕ್ಷೆ ಬರೆಸುವ ಯೋಚನೆ ನಮ್ಮ ಹಿರಿಯರಿಗೂ ಬಂದಿರಲಿಲ್ಲ.

ಸಭೆಗೆ ಮುಂಚೆ ಬಬಲೇಶ್ವರದ ಒಬ್ಬ ತಮ್ಮ ಕೇಳಿದ: “ಅಣ್ಣಾ, ಇದನ್ನೆಲ್ಲ ಓದಿದರೆ ನೌಕರಿ ಸಿಗುತ್ತದೆಯೇ?” ಸಿಗುತ್ತದೆಂದು ನಾನು ಮಾತು ಕೊಡಲಾರೆ. ಫಾರಸಿಯ ಜೊತೆಗೆ ಇಂಗ್ಲಿಷನ್ನೂ ಕಲಿ, ಪದವಿಯನ್ನು ಬಿಡಬೇಡ ಎಂದಷ್ಟೇ ಹೇಳಿದೆ. ಮದ್ರಸಗಳ ಆಡಳಿತದವರು ಇಲ್ಲಿ ಮುಂದಿನ ಸಾಲಿನಲ್ಲಿದ್ದೀರಿ. ವಾರಕ್ಕೆ ಎರಡು ಗಂಟೆ, ಕಾಲೇಜಿನ ಮಕ್ಕಳಿಗೂ ಬಾಗಿಲು ತೆರೆದು ಫಾರಸಿ ಕಲಿಸಲು ಒಂದು ಕೋಣೆ ಕೊಡುವಿರಾ? ಕಲಿಸಲು ನಾನು ಬರುತ್ತೇನೆ.