ಮುಟ್ಟು ನಿಂತ ಮೇಲೆ

ತಾಯಂದಿರೇ, ಸೋದರಿಯರೇ, ಮನೆಯ ಗಂಡಸರೂ ಎದ್ದುಹೋಗದೆ ಈ ನಾಲ್ಕು ಮಾತು ಕೇಳಬೇಕು.

ಋತುವು ಹನ್ನೆರಡರ ಪ್ರಾಯಕ್ಕೆ ತೊಡಗಿ ಐವತ್ತರ ಹೊತ್ತಿಗೆ ನಿಲ್ಲುವುದೆಂದು ಸುಶ್ರುತಸಂಹಿತೆ ಎಂದೋ ಹೇಳಿದೆ. ಇಂದಿನ ವೈದ್ಯರು ನಮ್ಮ ದೇಶದಲ್ಲಿ ಅದು ಸುಮಾರು 46-47 ವರ್ಷಕ್ಕೆಂದು ಲೆಕ್ಕ ಹಾಕಿದ್ದಾರೆ. ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ರಸ ಕಡಮೆಯಾಗುವುದೇ ಕಾರಣ. ಮುಟ್ಟು ಕೆಲವು ವರ್ಷ ಏರುಪೇರಾಗುತ್ತದೆ. ಪೂರಾ 12 ತಿಂಗಳು ಕಾಣದಿದ್ದರೆ ನಿಂತಿತೆಂದು ತಿಳಿಯಬೇಕು.

ನಮ್ಮ ಕೆದಂಬಾಡಿಯ ಕಡೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಾಕೆಗೆ ಆಟಿಯ ಮಳೆಯ ತಂಪಿನಲ್ಲೂ ಫಕ್ಕನೆ ಮೈಯೆಲ್ಲ ಬಿಸಿಯೇರಿ ಬೆವರು ಕಿತ್ತುಬರಬಹುದು. ರಾತ್ರಿ ನಿದ್ದೆಯಿಲ್ಲ, ಸಣ್ಣ ಮಾತಿಗೂ ಸಿಟ್ಟು, ಅಳು. ಇದು ಸ್ವಭಾವದ ದೋಷವಲ್ಲ, ದೇಹಧರ್ಮ. ಆಕೆಯನ್ನು ಗದರಿಸಬೇಡಿ, ಕೆಲಸದ ಭಾರ ಇಳಿಸಿ. ಸಹಿಸಲಾರದಷ್ಟಾದರೆ ಮದ್ದೂ ಉಂಟು. ಎಲುಬು ಬೇಗ ಸವೆಯುವ ಕಾಲವಿದು. ರಾಗಿ, ಎಳ್ಳು, ಮಜ್ಜಿಗೆ, ತಿನ್ನುವವರಿಗೆ ಮುಳ್ಳುಸಹಿತವಾದ ಸಣ್ಣ ಮೀನು, ಜೊತೆಗೆ ದಿನವೂ ನಡಿಗೆ ಬೇಕು.

ಮುಖ್ಯವಾದ ಮಾತೊಂದಿದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ "ಮತ್ತೆ ಬಂತು" ಎಂದು ಸುಮ್ಮನಿರಬಾರದು. ಹೆಚ್ಚಾಗಿ ಅದಕ್ಕೆ ಸಣ್ಣ ಕಾರಣವೇ ಇರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಇದೇ ಆಗಬಹುದು. ಬೇಗ ಕಂಡುಹಿಡಿದರೆ ಬಹುಮಟ್ಟಿಗೆ ಗುಣವಾಗುವ ರೋಗವದು. ಪುತ್ತೂರಿನ ಸರಕಾರಿ ಆಸ್ಪತ್ರೆ ದೂರವಿಲ್ಲ. ದೂರ ಮಾಡಿರುವುದು ನಮ್ಮ ನಾಚಿಕೆ. ಮಗಳೊಡನೆ, ಸೊಸೆಯೊಡನೆ, ಗಂಡನೊಡನೆ ಬಾಯಿಬಿಟ್ಟು ಹೇಳಿ. ಅವರು ಕರೆದುಕೊಂಡು ಹೋಗಲಿ.