ಮೊದಲ ಚಹಾದ ಋಣ

(ಸಂಗನಕಲ್ಲಿನಲ್ಲಿ ಯುವಕರು, ಹಿರಿಯರ ಮುಂದೆ ಮಾಡಿದ ಭಾಷಣ)

ಗ್ಯಾಂಗಿಗೆ ಯಾರೂ ಅರ್ಜಿ ಹಾಕಿ ಸೇರುವುದಿಲ್ಲ. ಕೆಲಸವಿಲ್ಲದೆ ಕೂತ ಹುಡುಗನನ್ನು ಒಬ್ಬ 'ಅಣ್ಣ' ಹೆಸರು ಹಿಡಿದು ಕರೆಯುತ್ತಾನೆ. ಚಹಾ ಕುಡಿಸುತ್ತಾನೆ, ಓಡಾಡಲು ಬೈಕು ಕೊಡುತ್ತಾನೆ. ಮನೆಯಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಗುತ್ತದೆ. ಆಮೇಲೆ ಸಣ್ಣದೊಂದು ಕೆಲಸ: ಜಗಳದಲ್ಲಿ ಜೊತೆಗೆ ನಿಲ್ಲು, ಅಷ್ಟೆ. ಕೇಸು ಬಿದ್ದರೆ ಜಾಮೀನು ಕೊಡಿಸುವವನೂ ಅಣ್ಣನೇ. ಆ ಋಣವೇ ಸರಪಳಿ. ಪೊಲೀಸರ ರೌಡಿ ಪಟ್ಟಿಗೆ ಹೆಸರು ಸೇರಿತೆಂದರೆ ಹಿಂದಿರುಗುವ ದಾರಿ ಇನ್ನೂ ಕಿರಿದು.

ಬೆಂಗಳೂರನ್ನು ನಡುಗಿಸಿದ ಕೊತ್ವಾಲ್ ರಾಮಚಂದ್ರ 1986ರಲ್ಲಿ, ಎದುರಾಳಿ ಜಯರಾಜ್ 1989ರಲ್ಲಿ ಕೊಲೆಯಾದರು. ಅಣ್ಣಂದಿರ ಗತಿಯೇ ಇದಾದರೆ ಹಿಂಬಾಲಕರ ಪಾಡೇನು?

ಹಿರಿಯರೇ, ಹುಡುಗರನ್ನು ಪೋಲಿಗಳೆಂದು ಅಟ್ಟಬೇಡಿ. ಕೆಲಸದ ದಾರಿ ತೋರಿಸಿ, ಆಟದ ಬಯಲು ಉಳಿಸಿಕೊಡಿ. ಅಣ್ಣ ಕರೆಯುವ ಮೊದಲು ಊರೇ ಅವರನ್ನು ಹೆಸರು ಹಿಡಿದು ಕರೆಯಲಿ.