ಟ್ಯಾಫ್ ಕಣಿವೆಯಲ್ಲಿ ಸೈಕಲ್ಲಿನ ಮೇಲೆ

ಸೈಕಲ್ ತುಳಿಯುವವನಿಗೆ ಭೂಗೋಳವನ್ನು ಬೇರೆ ಕಲಿಸಬೇಕಾಗಿಲ್ಲ, ಮೊಣಕಾಲೇ ಕಲಿಸುತ್ತದೆ. ಮೋಟಾರಿನಲ್ಲಿ ಕುಳಿತವನಿಗೆ ಸಮತಟ್ಟಾಗಿ ಕಂಡ ನೆಲ ಸೈಕಲ್ಲಿನವನಿಗೆ ಏರೋ ಇಳಿಜಾರೋ ಆಗಿಯೇ ಇರುತ್ತದೆ. ಇಂದು ನಾನು ಹೇಳಹೊರಟಿರುವುದು ಹಾಗೆ ಮೊಣಕಾಲಿನಿಂದ ಕಲಿತ ಒಂದು ಹಾದಿಯ ವಿಷಯ. ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ದೇಶದಲ್ಲಿ, ಬ್ರೆಕನ್ ಎಂಬ ಪೇಟೆಯಿಂದ ಹೊರಟು, ಬೆಟ್ಟ ಹತ್ತಿ ಇಳಿದು, ಟ್ಯಾಫ್ ನದಿಯ ಜೊತೆಯಲ್ಲೇ ಸಾಗಿ, ಕಾರ್ಡಿಫ್ ನಗರದಲ್ಲಿ ಕಡಲನ್ನು ಮುಟ್ಟುವ ಹಾದಿ ಅದು. ಒಟ್ಟು 55 ಮೈಲಿ. ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾನು ಎರಡು ದಿನ ತೆಗೆದುಕೊಂಡೆ; ಅದಕ್ಕಾಗಿ ನಾಚಿಕೆಯೇನೂ ಇಲ್ಲ.

ಆರಂಭ ಸುಲಭ. ಅಸ್ಕ್ ನದಿಯ ಬಯಲಿನಲ್ಲಿ ಹಳೆಯ ದೋಣಿಕಾಲುವೆಯೊಂದರ ಆಸುಪಾಸಿನಲ್ಲೇ ಸಾಗುತ್ತೇವೆ. ಹಿಂದೆ ಈ ಕಾಲುವೆಯ ದಂಡೆಯ ಮೇಲೆ ಕುದುರೆಗಳು ನಡೆಯುತ್ತ ಹಗ್ಗದಿಂದ ದೋಣಿಗಳನ್ನು ಎಳೆಯುತ್ತಿದ್ದವು. ಟ್ಯಾಲಿಬಾಂಟ್ ಎಂಬ ಹಳ್ಳಿಯಲ್ಲಿ ಈ ಸುಖ ಮುಗಿದು ಹಾದಿ ಬೆಟ್ಟಕ್ಕೆ ತಿರುಗುತ್ತದೆ. ಆದರೆ ಅದು ನಮ್ಮ ಘಟ್ಟದ ರಸ್ತೆಗಳ ಹಾಗೆ ತಿರುವಿಗೊಮ್ಮೆ ಎದೆ ಒಡೆಸುವ ಏರಲ್ಲ. ಒಂದೇ ಸಮನಾಗಿ ಹತ್ತುತ್ತದೆ. ಏಕೆಂದರೆ ಅದು ಹಳೆಯ ರೈಲುದಾರಿ. ಬ್ರೆಕನ್ನಿಗೂ ಮರ್ಥರ್ ಪಟ್ಟಣಕ್ಕೂ ನಡುವೆ ಓಡುತ್ತಿದ್ದ ರೈಲು ಇಲ್ಲಿ ಏಳು ಮೈಲಿಯುದ್ದಕ್ಕೂ 38 ಅಡಿಗೆ ಒಂದು ಅಡಿಯಂತೆ ಹತ್ತಬೇಕಾಗಿತ್ತು. 1960ರ ದಶಕದಲ್ಲಿ ರೈಲು ನಿಂತಿತು, ಕಂಬಿಗಳು ಹೋದವು. ಎಂಜಿನ್ನಿಗೆ ಪ್ರಾಣಸಂಕಟವಾಗಿದ್ದ ಏರು ಸೈಕಲ್ಲಿಗೆ ಸಹ್ಯವಾದ ಏರಾಗಿ ಉಳಿಯಿತು.

ಕಣಿವೆಯ ಆಚೆ ಮಗ್ಗುಲಿಗೆ ಇಳಿದಾಗ ಎದುರಾಗುವ ದೊಡ್ಡ ಕಟ್ಟಡ ಕೆವ್ನ್ ಕೋಯ್ಡಿನ ರೈಲುಸೇತುವೆ. 1866ರದು, ಹದಿನೈದು ಕಲ್ಲಿನ ಕಮಾನು, 115 ಅಡಿ ಎತ್ತರ. ಅದು ಬಿಲ್ಲಿನಂತೆ ಬಾಗಿದೆ. ತನ್ನ ಜಮೀನಿನ ಮೇಲೆ ರೈಲು ಹಾಯಬಾರದೆಂದು ಅಲ್ಲಿಯ ಕಬ್ಬಿಣದ ಧಣಿ ಹಟ ಹಿಡಿದದ್ದರಿಂದ ಹಾಗೆ ಬಾಗಿಸಬೇಕಾಯಿತೆಂದು ಹೇಳುತ್ತಾರೆ. ಆ ಸೇತುವೆಯ ಮೇಲೆ ಈಗ ಸೈಕಲ್ಲು ಹೋಗುತ್ತದೆ.

ಅದನ್ನು ದಾಟಿದರೆ ಮರ್ಥರ್ ಟಿಡ್ವಿಲ್. ಕಬ್ಬಿಣದ ಅದಿರು, ಸುಣ್ಣಕಲ್ಲು, ಕಲ್ಲಿದ್ದಲು, ಹರಿಯುವ ನೀರು, ಈ ನಾಲ್ಕೂ ಒಂದೇ ಕಡೆ ಸಿಕ್ಕಿದ್ದು ಈ ಊರಿನ ಭಾಗ್ಯ, ದುರದೃಷ್ಟವೆಂದರೂ ಸಲ್ಲುತ್ತದೆ. 1759ರಿಂದ 1784ರೊಳಗೆ ಡೌಲೈಸ್, ಪ್ಲಿಮತ್, ಕವಾರ್ಥ್ವ, ಪೆನಿಡ್ಯಾರೆನ್ ಎಂಬ ನಾಲ್ಕು ಕಬ್ಬಿಣದ ಕಾರ್ಖಾನೆಗಳು ಹುಟ್ಟಿದವು. 1801ರ ಜನಗಣತಿಯ ವೇಳೆಗೆ ಇದೇ ವೇಲ್ಸಿನ ಅತಿ ದೊಡ್ಡ ಊರು. ಕವಾರ್ಥ್ವದ ಕುಲುಮೆಗಳ ಕಲ್ಲಿನ ಗೋಡೆಗಳು ಈಗಲೂ ನಿಂತಿವೆ. ಧಣಿಗಳು 1820ರ ದಶಕದಲ್ಲಿ ಕಟ್ಟಿಸಿಕೊಂಡ ಕೋಟೆಮನೆಯೂ ಅದೇ ನೋಟದಲ್ಲಿ ಸಿಗುತ್ತದೆ. 1831ರಲ್ಲಿ ಕೂಲಿ ಇಳಿಸಿದರು. ಸಾಲಕ್ಕಾಗಿ ಬಡವರ ಮನೆಯ ಸಾಮಾನು ಜಫ್ತಿಯಾಗುತ್ತಿತ್ತು. ಊರು ದಂಗೆ ಎದ್ದಿತು. ಸೈನಿಕನೊಬ್ಬನನ್ನು ಗಾಯಗೊಳಿಸಿದನೆಂದು ರಿಚರ್ಡ್ ಲೂಯಿಸ್ ಎಂಬ ಗಣಿ ಕೆಲಸಗಾರನನ್ನು ಅದೇ ವರ್ಷ ಕಾರ್ಡಿಫಿನಲ್ಲಿ ಗಲ್ಲಿಗೇರಿಸಿದರು. ಅವನು ನಿರಪರಾಧಿಯೆಂದು ಕಣಿವೆಯ ಜನ ಅಂದೂ ನಂಬಿದ್ದರು, ಇಂದೂ ನಂಬುತ್ತಾರೆ.

ಕಬ್ಬಿಣ ಕರಗಿಸಿದರಾಯಿತೆ? ಅದನ್ನು ಕಡಲಿಗೆ ಸಾಗಿಸಬೇಕು. 1794ರಲ್ಲಿ 25 ಮೈಲಿ ಉದ್ದದ ಕಾಲುವೆ ಆಯಿತು. ಅದೂ ಸಾಲದೆ, 1802ರಲ್ಲಿ ಬಂಡಿಗಳು ಉರುಳಲು ಎರಕದ ಕಬ್ಬಿಣದ ಪಟ್ಟಿಗಳನ್ನು ಹಾಸಿದ ಟ್ರಾಮ್ ದಾರಿ ಬಂತು. ಇಳಿಜಾರನ್ನು ಎಷ್ಟು ಜಾಣತನದಿಂದ ಅಳೆದಿದ್ದರೆಂದರೆ ತುಂಬಿದ ಬಂಡಿಗಳಿಗೆ ಕುದುರೆಯ ಶ್ರಮ ಅಷ್ಟಾಗಿ ಬೇಕಿರಲಿಲ್ಲ. ಖಾಲಿ ಬಂಡಿಗಳನ್ನು ಮೇಲಕ್ಕೆ ಎಳೆಯುವುದೇ ಅದರ ಮುಖ್ಯ ಕೆಲಸ. ಈ ದಾರಿಯ ಮೇಲೆಯೇ 1804ರ ಫೆಬ್ರುವರಿ 21ರಂದು ರಿಚರ್ಡ್ ಟ್ರೆವಿಥಿಕ್ ತನ್ನ ಉಗಿಯಂತ್ರವನ್ನು ಓಡಿಸಿದ. ಹತ್ತು ಟನ್ನು ಕಬ್ಬಿಣ, ಐದು ಬಂಡಿ, ಬಂಡಿಗಳ ಮೇಲೆ ಹತ್ತಿ ಕುಳಿತ ಎಪ್ಪತ್ತು ಜನ. ಸುಮಾರು ಹತ್ತು ಮೈಲಿಗೆ ನಾಲ್ಕು ಗಂಟೆ ಐದು ನಿಮಿಷ ಹಿಡಿಯಿತು. ಕಂಬಿಯ ಮೇಲೆ ಹೊರೆ ಎಳೆದ ಮೊದಲ ಉಗಿಬಂಡಿ ಅದು. ಧಣಿಗಳಿಬ್ಬರು ಇದರ ಮೇಲೆ 500 ಗಿನಿ ಪಣ ಕಟ್ಟಿದ್ದರಂತೆ. ಯಂತ್ರ ಗೆದ್ದಿತು, ಹಾಸಿದ ಪಟ್ಟಿಗಳು ಅದರ ಭಾರಕ್ಕೆ ಮುರಿದವು.

ಮರ್ಥರ್ ಬಿಟ್ಟು ನಾಲ್ಕೈದು ಮೈಲಿ ಇಳಿದರೆ ಅಬರ್‌ವಾನ್. ಹೆಚ್ಚು ತುಳಿಯಬೇಕಾಗಿಲ್ಲ, ಕೈ ಬ್ರೇಕಿನ ಮೇಲಿದ್ದರೆ ಸಾಕು. ಬೆಲೆ ಬಾಳುವ ಕಬ್ಬಿಣ, ಆಮೇಲೆ ಕಲ್ಲಿದ್ದಲು, ಎಲ್ಲವೂ ಹೀಗೆ ಕಣಿವೆಯ ಕೆಳಕ್ಕೆ ಹೋದವು. ಬೆಲೆಯಿಲ್ಲದ್ದು ಎಲ್ಲಿಗೆ ಹೋಯಿತು? ಗಣಿಯಿಂದ ಬಂದ ಕಲ್ಲು, ಮಣ್ಣು, ಇದ್ದಲು ತೊಳೆದ ರೊಚ್ಚು, ಇವೆಲ್ಲ ಮೇಲಕ್ಕೆ, ಬೆಟ್ಟದ ಮೇಲಕ್ಕೆ ಹೋದವು. ಕಣಿವೆ ಇಕ್ಕಟ್ಟು, ಕೆಳಗಿನ ನೆಲದಲ್ಲಿ ಗಣಿ, ರೈಲು, ಮನೆಗಳ ಸಾಲು. ಕಸಕ್ಕೆ ಉಳಿದ ಜಾಗ ಮನೆಗಳ ನೆತ್ತಿಯ ಮೇಲೆ. ಇಂಥ ದಿಬ್ಬ ಹೇಗಿರುತ್ತದೆಂದು ಕೋಲಾರದ ಚಿನ್ನದ ಗಣಿಯ ಊರನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. 2001ರಲ್ಲಿ ಅಲ್ಲಿ ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಊರಿನ ಮಗ್ಗುಲಲ್ಲೇ ಉಳಿದವು.

ಅಬರ್‌ವಾನ್‌ನ ಬೆಟ್ಟದ ಮೇಲೆ ಅಂಥ ಏಳು ದಿಬ್ಬಗಳಿದ್ದವು. ಏಳನೆಯದನ್ನು 1958ರಲ್ಲಿ ಸುರಿಯತೊಡಗಿದರು, ಅದೂ ನೀರಿನ ಒರತೆಯ ಮೇಲೆ. ಕೆಳಗೆ ಮಕ್ಕಳ ಶಾಲೆ. ಶಾಲೆಯ ಹಿಂದೆ ಹೀಗೆ ರೊಚ್ಚು ಸುರಿಯುವುದು ಅಪಾಯವೆಂದು ನಗರಸಭೆಯ ಎಂಜಿನಿಯರರು 1963ರಲ್ಲೇ ಕಾಗದ ಬರೆದರು. 1966ರ ಅಕ್ಟೋಬರ್ 21, ಶುಕ್ರವಾರ. ಮಧ್ಯಾವಧಿ ರಜೆಗೆ ಮುಂಚಿನ ಕಡೆಯ ದಿನ. ಬೆಟ್ಟದ ಮೇಲೆ ಬಿಸಿಲು, ಕೆಳಗೆ ಊರಿನ ತುಂಬ ಮಂಜು. ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಮಕ್ಕಳು ತರಗತಿಯಲ್ಲಿ ಕುಳಿತಿರುವಾಗಲೇ ದಿಬ್ಬ ಜಾರಿತು. ಮಂಜಿನಲ್ಲಿ ಸದ್ದು ಕೇಳಿತೇ ಹೊರತು ಏನು ಬರುತ್ತಿದೆಯೆಂದು ಕಾಣಲಿಲ್ಲ. 144 ಜನ ಸತ್ತರು. ಅವರಲ್ಲಿ 116 ಮಂದಿ ಮಕ್ಕಳು.

ಒರತೆ ಇದ್ದದ್ದು ಯಾರಿಗೂ ತಿಳಿದಿರಲಿಲ್ಲವೆಂಬ ಮಾತು ಕಲ್ಲಿದ್ದಲು ಮಂಡಳಿಯ ಕಡೆಯಿಂದ ಬಂತು. ಊರಿನವರಿಗೆ ಅದು ಗೊತ್ತಿತ್ತು. ಸರ್ಕಾರದ ಭೂಪಟದಲ್ಲೂ ಗುರುತಾಗಿತ್ತು. 76 ದಿನ ಕುಳಿತ ವಿಚಾರಣಾ ಮಂಡಳಿ 1967ರಲ್ಲಿ ತಪ್ಪು ಕಲ್ಲಿದ್ದಲು ಮಂಡಳಿಯದೇ ಎಂದು ತೀರ್ಪು ಕೊಟ್ಟಿತು. ಆಮೇಲಿನದು ಇನ್ನೂ ಕಹಿ. ಮಿಕ್ಕ ದಿಬ್ಬಗಳನ್ನು ತೆಗೆಸುವ ಖರ್ಚಿಗೆ, ಸಂತ್ರಸ್ತರಿಗಾಗಿ ಲೋಕವೆಲ್ಲ ಕಳಿಸಿದ ಕಾಣಿಕೆಯ ನಿಧಿಯಿಂದಲೇ 1,50,000 ಪೌಂಡು ತೆಗೆದುಕೊಂಡರು! ಆ ಹಣ ಹಿಂದಿರುಗಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. 2007ರಲ್ಲಿ ವೇಲ್ಸ್ ಸರ್ಕಾರ ಇನ್ನೂ 20 ಲಕ್ಷ ಪೌಂಡು ಕೊಟ್ಟಿತು. ಶಾಲೆಯಿದ್ದ ಜಾಗದಲ್ಲಿ ಈಗ ತೋಟವಿದೆ. ನಾನು ಹೋದಾಗ ಒಬ್ಬ ವೃದ್ಧರು ಗಿಡಗಳ ಬುಡದ ಕಳೆ ಕೀಳುತ್ತಿದ್ದರು. ಅವರನ್ನು ಏನಾದರೂ ಕೇಳಬೇಕೆಂದು ನಿಂತೆ, ಕೇಳಲಿಲ್ಲ. ಸೈಕಲ್ಲನ್ನು ಊರು ದಾಟುವವರೆಗೂ ತಳ್ಳಿಕೊಂಡೇ ನಡೆದೆ.

ಮುಂದೆ ಅಬರ್‌ಕನನ್‌ವರೆಗೆ ಹಾದಿ ಟ್ರೆವಿಥಿಕ್ಕನ ಟ್ರಾಮ್ ದಾರಿಯ ಮೇಲೆಯೇ ಹೋಗುತ್ತದೆ. ಪಟ್ಟಿಗಳನ್ನು ಕೂರಿಸಿದ್ದ ಕಲ್ಲುಗಳು ಅಲ್ಲಲ್ಲಿ ನೆಲದಲ್ಲಿ ಹೂತಿವೆ. ನಡುವಿನ ಗುಳಿ ಮೊಳೆ ಹೊಡೆದ ಗುರುತು. ಮೋಟಾರ್‌ಸೈಕಲ್ಲಿನವರು ನುಗ್ಗದಿರಲೆಂದು ಹಾಕಿದ ಕಬ್ಬಿಣದ ಕಟಕಟೆಗಳೂ ಈ ಹಾದಿಯಲ್ಲಿ ಉಂಟು. ಅವುಗಳಲ್ಲಿ ಹ್ಯಾಂಡಲ್ಲು ಸಿಕ್ಕಿಕೊಂಡು, ಹಿಂದೆ ಬಂದವರಿಂದ ಬಿಡಿಸಿಕೊಂಡದ್ದೂ ಆಯಿತು.

ಪಾಂಟಿಪ್ರೀದ್ ಪೇಟೆಯ ಹಳೆಯ ಸೇತುವೆಯನ್ನು ಇಳಿದು ನೋಡಲೇಬೇಕು. ವಿಲಿಯಂ ಎಡ್ವರ್ಡ್ಸ್ ಎಂಬ ಕಲ್ಲುಕೆಲಸದವನು, ಧರ್ಮಬೋಧಕನೂ ಹೌದು, ಕಟ್ಟಿದ್ದು. ಒಂದೇ ಕಮಾನು, 140 ಅಡಿ ಹರವು. ಮೊದಲನೆಯ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆಮೇಲಿನ ಯತ್ನಗಳೂ ಬಿದ್ದವು. ಎರಡು ಬದಿಯ ಭಾರ ಹೆಚ್ಚಾಗಿ ನಡುವಿನ ಕಲ್ಲುಗಳು ಮೇಲಕ್ಕೆ ಚಿಮ್ಮಿದ್ದವು. ಕೊನೆಗೆ ಅವನು ಬದಿಗೆ ಮೂರರಂತೆ ದುಂಡನೆಯ ತೂತುಗಳನ್ನು ಬಿಟ್ಟು ಭಾರ ಕಡಿಮೆ ಮಾಡಿದ. 1756ರಲ್ಲಿ ನಿಂತದ್ದು ಇಂದಿಗೂ ನಿಂತಿದೆ. 2020ರ ಫೆಬ್ರುವರಿಯ ಬಿರುಗಾಳಿ ಮಳೆಗೆ ಈ ಪೇಟೆಯ ಬೀದಿಗಳಲ್ಲಿ ನದಿ ಹರಿಯಿತು. ಅದೇ ಮಳೆಗೆ ಪಕ್ಕದ ರೊಂಡ ಕಣಿವೆಯಲ್ಲಿ ಹಳೆಯ ಗಣಿ ದಿಬ್ಬವೊಂದು ಜಾರಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಗಣಿಗಳು ಬಹುಮಟ್ಟಿಗೆ ಮುಚ್ಚಿದ ಮೇಲೂ ವೇಲ್ಸಿನಲ್ಲಿ ಇಂಥ ದಿಬ್ಬಗಳು ಎರಡೂವರೆ ಸಾವಿರದಷ್ಟಿವೆ. ಹುಲ್ಲು ಬೆಳೆದು ಕುರಿಗಳು ಮೇಯುವುದರಿಂದ, ಗೊತ್ತಿಲ್ಲದವರ ಕಣ್ಣಿಗೆ ಅವು ಬೆಟ್ಟದಂತೆಯೇ ಕಾಣುತ್ತವೆ.

ಕಾರ್ಡಿಫಿನ ವಿಷಯ ಬೇಗ ಮುಗಿಸಬಹುದು. 1913ರಲ್ಲಿ ಒಂದು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲನ್ನು ಹಡಗಿಗೇರಿಸಿದ ಬಂದರಿನಲ್ಲಿ ಈಗ ಹೋಟೆಲುಗಳೂ ನಾಟಕಶಾಲೆಯೂ ಇವೆ. ಹಿಂದೆ ಇದ್ದಲಿನ ಪುಡಿಯಿಂದ ಕಪ್ಪಾಗಿ ಹರಿಯುತ್ತಿದ್ದ ಟ್ಯಾಫಿಗೆ ಸ್ಯಾಮನ್ ಮೀನು ಮರಳಿ ಬಂದಿದೆ.

ಹಿಂದಿರುಗಿದ್ದು ರೈಲಿನಲ್ಲಿ. ಎರಡು ದಿನದ ದಾರಿಯನ್ನು ಅದು ಒಂದು ಗಂಟೆಯಲ್ಲಿ ಮರ್ಥರ್‌ವರೆಗೆ ಹತ್ತಿಬಿಡುತ್ತದೆ. ಅಬರ್‌ವಾನ್ ಹತ್ತಿರವಾದಾಗ ಎದುರಿನ ಬೆಟ್ಟದ ಓರೆಯಲ್ಲಿ, ಮಕ್ಕಳ ಗೋರಿಗಳ ಮೇಲಿನ ಬಿಳಿಯ ಕಮಾನುಗಳ ಸಾಲು ಕಾಣಿಸಿತು. ಡಬ್ಬಿಯಲ್ಲಿದ್ದ ಶಾಲೆಯ ಹುಡುಗರು ಗಲಾಟೆ ಮಾಡುತ್ತ ಅಲ್ಲಿಯೇ ಇಳಿದುಹೋದರು.